ಒಂದು ಪದ, ಮೂರು ಉಚ್ಚಾರ, ಒಂದು ನಗು

ನಮ್ಮ ಬಳಗದ ತಿಂಗಳ ಕೂಟ ನಡೆಯುವುದು ಮುಂಬಯಿಯ ಉಪನಗರವೊಂದರಲ್ಲಿ, ಸಂಘದ ಚಿಕ್ಕ ಸಭಾಗೃಹದಲ್ಲಿ. ಇಪ್ಪತ್ತೈದು ಮೂವತ್ತು ಮಂದಿ ಸೇರಿದರೆ ಕುರ್ಚಿಗಳು ತುಂಬುತ್ತವೆ. ಒಬ್ಬರು ಪ್ರಬಂಧ ಓದುತ್ತಾರೆ, ಉಳಿದವರು ಚರ್ಚಿಸುತ್ತಾರೆ, ಚಹಾ ಕುಡಿದು ಲೋಕಲ್ ಗಾಡಿ ಹಿಡಿಯುತ್ತೇವೆ. ಈ ವರ್ಷ ಅಂತಹ ಎರಡು ಕೂಟಗಳಲ್ಲಿ ನಡೆದ ಎರಡು ಸಣ್ಣ ಘಟನೆಗಳು ನಮ್ಮನ್ನು ಬಹಳ ದಿನ ಕಾಡಿದವು. ಎರಡರಲ್ಲಿಯೂ ಒಂದು ಪದದ ಉಚ್ಚಾರ ತಪ್ಪಿತು. ಎರಡರಲ್ಲಿಯೂ ನಾವು ನಕ್ಕೆವು. ಆ ನಗುವಿನ ಬಗ್ಗೆ ಬರೆಯಬೇಕೆನಿಸಿದೆ.

ಮೊದಲನೆಯ ಕೂಟದಲ್ಲಿ ಪ್ರಬಂಧ ಓದಿದವರು ನಮ್ಮ ಹಿರಿಯ ಸದಸ್ಯರೊಬ್ಬರು. ಎಳೆಯ ವಯಸ್ಸಿನಲ್ಲಿ ಕರಾವಳಿಯಿಂದ ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಅವರ ಇಂಗ್ಲಿಷು ಬಂದದ್ದು ಫ್ಲೋರಾ ಫೌಂಟನ್ನಿನ ಕಾಲುದಾರಿಯಲ್ಲಿ ಮಾರುತ್ತಿದ್ದ ಹಳೆಯ ಪುಸ್ತಕಗಳಿಂದ ಮತ್ತು ಬೆನ್ನು ಕಿತ್ತುಹೋದ ಒಂದು ನಿಘಂಟಿನಿಂದ. ಅಂದು ಅವರು ಆರಿಸಿಕೊಂಡಿದ್ದ ವಿಷಯ ಜಾನ್ ಬನಿಯನ್ ಬರೆದ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’. 1678ರಲ್ಲಿ ಮೊದಲ ಭಾಗ ಪ್ರಕಟವಾದ ಈ ಕೃತಿ 19ನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಹೊಸಗನ್ನಡ ಗದ್ಯ ಇನ್ನೂ ಕಾಲೂರುತ್ತಿದ್ದಾಗ ಇಂತಹ ಅನುವಾದಗಳು ಅದಕ್ಕೆ ಏನನ್ನು ಕೊಟ್ಟವು ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ.

ಕಥೆಯ ಆರಂಭದಲ್ಲಿಯೇ ಯಾತ್ರಿಕನು ಒಂದು ಕೆಸರಿನ ಹೊಂಡದಲ್ಲಿ ಬೀಳುತ್ತಾನೆ. ನಿರಾಶೆಯ ಆ ಹುದುಲಿಗೆ ಬನಿಯನ್ ಇಟ್ಟ ಹೆಸರು ಇಂಗ್ಲಿಷಿನಲ್ಲಿ ನುಡಿಗಟ್ಟೇ ಆಗಿಬಿಟ್ಟಿದೆ. ನಮ್ಮ ಹಿರಿಯರು ಅದನ್ನು ‘ಸ್ಲಫ್ ಆಫ್ ಡೆಸ್ಪಾಂಡ್’ ಎಂದು ಓದಿದರು. ಹಿಂದಿನ ಸಾಲಿನಿಂದ ಒಂದು ನಗು ಕೇಳಿಸಿತು. ನಮ್ಮಲ್ಲಿಯೇ ಕಿರಿಯರೊಬ್ಬರು, ಕೂತಲ್ಲಿಂದಲೇ, “ಸ್ಲೌ, ಸರ್, ಸ್ಲೌ” ಎಂದರು. ಇನ್ನೂ ನಾಲ್ಕಾರು ಮಂದಿ ನಕ್ಕರು. ಹಿರಿಯರು ಹಾಳೆಯಿಂದ ತಲೆಯೆತ್ತಿ ನೋಡಿದರು, ಕನ್ನಡಕ ಸರಿಪಡಿಸಿಕೊಂಡರು, ಮತ್ತೆ ಓದತೊಡಗಿದರು. ಆದರೆ ಆಮೇಲೆ ಅವರ ಬಾಯಿಂದ ಒಂದೂ ಇಂಗ್ಲಿಷ್ ಹೆಸರು ಬರಲಿಲ್ಲ. ಹೆಸರು ಬರಬೇಕಾದಲ್ಲಿ ‘ಆ ಪಾತ್ರ’ ಎಂದರು, ‘ಆ ಸ್ಥಳ’ ಎಂದರು. ಅರ್ಧಗಂಟೆಯ ಪ್ರಬಂಧ ಹದಿನೈದು ನಿಮಿಷದಲ್ಲಿ ಮುಗಿಯಿತು. ಚರ್ಚೆಯಲ್ಲಿ ಅನುವಾದದ ಮಾತು ಯಾರೂ ಎತ್ತಲಿಲ್ಲ. ಆ ಸಂಜೆಯಿಂದ ನಮಗೆ ನೆನಪುಳಿದದ್ದು ಆ ಒಂದು ಪದ ಮಾತ್ರ.

ತಿದ್ದಿದವರು ಹೇಳಿದ್ದು ಸರಿಯೆ? ಸರಿ. ಬನಿಯನ್ನನ ಹೊಂಡಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಸ್ಲೌ’ ಎಂಬುದೇ ಉಚ್ಚಾರ; ಹಸುವಿಗೆ ಹೇಳುವ ‘ಕೌ’ ಎಂಬುದಕ್ಕೆ ಪ್ರಾಸವಾಗುವಂತೆ. ಹಾಗಾದರೆ ಹಿರಿಯರು ಹೇಳಿದ್ದು ತಪ್ಪೆ? ಇಲ್ಲಿಯೇ ತೊಡಕು. ಚಹಾದ ಹೊತ್ತಿನಲ್ಲಿ ನಮ್ಮ ಬಳಗದ ಇನ್ನೊಬ್ಬರು, ಆಸ್ಪತ್ರೆಯೊಂದರಲ್ಲಿ ಬಹುಕಾಲ ದಾದಿಯಾಗಿ ದುಡಿದವರು, ಮೆಲ್ಲನೆ ಹೇಳಿದರು: “ನಮ್ಮ ವಾರ್ಡಿನಲ್ಲಿ ದಿನವೂ ಸ್ಲಫ್ ಎಂದೇ ಹೇಳುತ್ತಿದ್ದೆವು.” ಹುಣ್ಣಿನ ಮೇಲೆ ಸತ್ತು ಕೂಡಿಕೊಂಡ ಹಳದಿ ಬಣ್ಣದ ಅಂಗಾಂಶಕ್ಕೆ ವೈದ್ಯರೂ ದಾದಿಯರೂ ಹೇಳುವುದು ‘ಸ್ಲಫ್’. ಅಕ್ಷರಗಳೂ ಅವೇ: ಎಸ್, ಎಲ್, ಓ, ಯು, ಜಿ, ಎಚ್. ನಕ್ಕವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ಸಭೆಯಲ್ಲಿ ಬಾಯಿ ತೆರೆಯಲಿಲ್ಲ. ನಗುವವರ ಎದುರು ಅನುಮಾನ ಹೇಳುವುದು ಸುಲಭವಲ್ಲ.

ಮನೆಗೆ ಹೋಗಿ ನಿಘಂಟು ತೆರೆದೆವು. ಒಂದೇ ಕಾಗುಣಿತದ ಹಿಂದೆ ಎರಡು ಬೇರೆ ಬೇರೆ ಪದಗಳು ಅಡಗಿದ್ದವು. ಮೊದಲನೆಯದು ಕೆಸರು, ಜೌಗು, ಕಾಲು ಹೂತುಹೋಗುವ ನೆಲ. ಇದು ಹಳೆಯ ಇಂಗ್ಲಿಷಿನಿಂದಲೇ ಬಂದ ಪದ, ಸಾವಿರ ವರ್ಷಕ್ಕೂ ಹಳೆಯದು. ಎರಡನೆಯದು ಹಾವು ಕಳಚಿ ಬಿಡುವ ಚರ್ಮ. ಇದು ನಡುಗಾಲದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು. ಚರ್ಮದ ಚೀಲ ಅಥವಾ ಕೊಳವೆ ಎಂಬ ಅರ್ಥದ ಜರ್ಮನ್ ಪದವೊಂದಕ್ಕೆ ಬಂಧುವೆನ್ನುತ್ತಾರೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಹುಟ್ಟಿನಲ್ಲಿ ನಂಟಿಲ್ಲ. ಕೆಸರನ್ನು ಹೇಳುವಾಗ ‘ಸ್ಲೌ’, ಪೊರೆಯನ್ನು ಹೇಳುವಾಗ ‘ಸ್ಲಫ್’. ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಮಾಲ್ವೋಲಿಯೋ ಎಂಬವನನ್ನು ಮರುಳು ಮಾಡಲು ಬರೆದ ಸುಳ್ಳು ಪತ್ರದಲ್ಲಿ ಈ ಎರಡನೆಯ ಪದವಿದೆ. ಹಾವು ಪೊರೆ ಬಿಡುವಂತೆ ನಿನ್ನ ಹಳೆಯ ವಿನಯವನ್ನು ಬಿಡು ಎಂಬುದು ಅಲ್ಲಿನ ಸೂಚನೆ. ಸತ್ತ ಚರ್ಮ ಉದುರುವುದಕ್ಕೂ, ಹಳೆಯ ಅಭ್ಯಾಸವನ್ನು ಕೊಡವಿಕೊಳ್ಳುವುದಕ್ಕೂ ಇದೇ ಪದ ಕ್ರಿಯಾಪದವಾಗಿ ಬಳಕೆಯಲ್ಲಿದೆ. ಆಸ್ಪತ್ರೆಯ ‘ಸ್ಲಫ್’ ಈ ಕವಲಿನದು.

ಇಷ್ಟಕ್ಕೆ ಮುಗಿಯಲಿಲ್ಲ. ಕೆಸರಿನ ಪದ ಅಟ್ಲಾಂಟಿಕ್ ದಾಟಿದ ಮೇಲೆ ಅದರ ಉಚ್ಚಾರವೂ ಬದಲಾಯಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಜೌಗುನೆಲಕ್ಕೂ ನಿಧಾನವಾಗಿ ಹರಿಯುವ ಹಿನ್ನೀರಿಗೂ ‘ಸ್ಲೂ’ ಎನ್ನುತ್ತಾರೆ. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ, ಮಾಂಟೆರೆ ಕೊಲ್ಲಿಯ ಬಳಿ, ಹಕ್ಕಿಗಳಿಗೂ ಕಡಲ ನೀರುನಾಯಿಗಳಿಗೂ ಹೆಸರಾದ ಎಲ್ಕ್‌ಹಾರ್ನ್ ಸ್ಲೂ ಎಂಬ ಜೌಗುಪ್ರದೇಶವಿದೆ. ಅಲ್ಲಿ ಹೋಗಿ ‘ಸ್ಲೌ’ ಎಂದರೆ ಅಲ್ಲಿಯವರು ನಗಬಹುದು. ಇತ್ತ ಇಂಗ್ಲೆಂಡಿನಲ್ಲಿ, ಲಂಡನ್ನಿನ ಪಶ್ಚಿಮಕ್ಕೆ, ವಿಂಡ್ಸರ್ ಅರಮನೆಗೂ ಹೀಥ್ರೋ ವಿಮಾನನಿಲ್ದಾಣಕ್ಕೂ ಸಮೀಪದಲ್ಲಿ, ‘ಸ್ಲೌ’ ಎಂಬ ಊರೇ ಇದೆ. ಭಾರತೀಯ ಮೂಲದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಖಗೋಳವಿಜ್ಞಾನಿ ವಿಲಿಯಂ ಹರ್ಶೆಲ್ 1786ರಿಂದ 1822ರಲ್ಲಿ ತೀರಿಕೊಳ್ಳುವವರೆಗೆ ವಾಸಿಸಿದ್ದು ಅಲ್ಲಿಯೇ. 40 ಅಡಿ ಉದ್ದದ ದೂರದರ್ಶಕ ನಿಲ್ಲಿಸಿ, 1789ರಲ್ಲಿ ಶನಿಗ್ರಹದ ಎರಡು ಉಪಗ್ರಹಗಳನ್ನು ಗುರುತಿಸಿದ್ದೂ ಅಲ್ಲಿಂದಲೇ. ಆ ಊರಿನ ಹೆಸರನ್ನು ಮಾತ್ರ ಎಲ್ಲಿಯವರಾದರೂ ‘ಸ್ಲೌ’ ಎಂದೇ ಹೇಳಬೇಕು.

ಒಂದೇ ಕಾಗುಣಿತಕ್ಕೆ ಈ ಪಾಡು ಏಕೆ ಬಂದಿತು? ಹಳೆಯ ಇಂಗ್ಲಿಷಿನಲ್ಲಿ ಈ ಪದದ ಕೊನೆಯಲ್ಲಿ ಗಂಟಲಿನಿಂದ ಉಜ್ಜಿ ಬರುವ ಒಂದು ಧ್ವನಿಯಿತ್ತು. ಉರ್ದು ಬಲ್ಲವರು ‘ಖಬರ್’ ಎಂಬಲ್ಲಿ ಅದರ ಮೊದಲಕ್ಷರವನ್ನು ಹೇಗೆ ಹೇಳುತ್ತಾರೋ ಸರಿಸುಮಾರು ಹಾಗೆ. ನಾರ್ಮನ್ನರ ಕಾಲದ ನಂತರ ಲಿಪಿಕಾರರು ಆ ಧ್ವನಿಗೆ ಜಿ ಮತ್ತು ಎಚ್ ಅಕ್ಷರಗಳನ್ನು ಜೋಡಿಸಿ ಬರೆಯುವ ರೂಢಿ ಹಾಕಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಯಿತು. ಆದರೆ ಬಾಯಿ ಅಚ್ಚಿನ ಮಾತು ಕೇಳಲಿಲ್ಲ. ಅದೇ ಕಾಲಕ್ಕೆ ಆ ಗಂಟಲ ಧ್ವನಿ ಇಂಗ್ಲಿಷಿನಿಂದ ಮರೆಯಾಗತೊಡಗಿತ್ತು. ಕೆಲವು ಪದಗಳಲ್ಲಿ ಅದು ಏನನ್ನೂ ಉಳಿಸದೆ ಹೋಯಿತು. ಕೆಲವು ಪದಗಳಲ್ಲಿ ತುಟಿಗೆ ಬಂದು ‘ಫ’ಕಾರವಾಗಿ ನಿಂತಿತು. ಜೊತೆಗೆ ದೀರ್ಘ ಸ್ವರಗಳೆಲ್ಲ ಸ್ಥಾನಪಲ್ಲಟಗೊಂಡವು. ಅದರ ಫಲವಾಗಿ ಇಂದು ಓ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳು ಒರಟು ಎಂಬ ಅರ್ಥದಲ್ಲಿ ‘ರಫ್’, ಕೆಮ್ಮು ಎಂಬ ಅರ್ಥದಲ್ಲಿ ‘ಕಾಫ್’, ಮೂಲಕ ಎಂಬ ಅರ್ಥದಲ್ಲಿ ‘ಥ್ರೂ’, ಕೊಂಬೆ ಎಂಬ ಅರ್ಥದಲ್ಲಿ ‘ಬೌ’, ಆದರೂ ಎಂಬ ಅರ್ಥದಲ್ಲಿ ‘ದೋ’ ಎಂದು ಕೇಳಿಸುತ್ತವೆ. ಓದುವವನಿಗೆ ಯಾವುದು ಎಲ್ಲಿ ಎಂದು ಹೇಳುವ ನಿಯಮವಿಲ್ಲ. ಕೇಳಿಯೇ ತಿಳಿಯಬೇಕು.

ನಮ್ಮ ಭಾಷೆಯಲ್ಲಿಯೂ ಧ್ವನಿಗಳು ಮರೆಯಾದದ್ದುಂಟು. ಹಳಗನ್ನಡದಲ್ಲಿ ೞಕಾರವೆಂಬ ಒಂದು ಧ್ವನಿಯಿತ್ತು, ಱಕಾರವೆಂಬ ಇನ್ನೊಂದಿತ್ತು. ಜನರ ಬಾಯಲ್ಲಿ ೞಕಾರ ಸಾಧಾರಣ ಳಕಾರದೊಂದಿಗೆ ಬೆರೆತುಹೋಗುತ್ತಿದ್ದ ಕಾಲದಲ್ಲಿ, 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಪಟ್ಟಿಮಾಡಿ ಇಟ್ಟನು. ಕಿವಿಗೆ ಕೇಳಿಸದೆ ಹೋಗುತ್ತಿರುವುದನ್ನು ಕಣ್ಣಿಗಾದರೂ ಉಳಿಸುವ ಪ್ರಯತ್ನವದು. ಉಳಿಯಲಿಲ್ಲ. ಆದರೆ ಕನ್ನಡ ಒಂದು ಕೆಲಸ ಮಾಡಿತು: ಧ್ವನಿ ಹೋದ ಮೇಲೆ ಅಕ್ಷರವನ್ನೂ ಬಿಟ್ಟುಕೊಟ್ಟಿತು. ‘ಬಾೞೆ’ಯನ್ನು ನಾವು ‘ಬಾಳೆ’ ಎಂದೇ ಬರೆಯುತ್ತೇವೆ. ಹಾಲು, ಹಾವುಗಳಲ್ಲಿದ್ದ ಹಳೆಯ ಪಕಾರ ಹಕಾರವಾದಾಗ ಬರಹವೂ ಅದರ ಹಿಂದೆ ನಡೆಯಿತು. ಇಂಗ್ಲಿಷು ಹಾಗೆ ಮಾಡಲಿಲ್ಲ. ಐನೂರು ವರ್ಷದ ಹಿಂದೆ ಬಾಯಿಂದ ಬಿದ್ದುಹೋದ ಧ್ವನಿಯನ್ನು ಅದು ಇಂದಿಗೂ ಬರಹದಲ್ಲಿ ಹೊತ್ತುಕೊಂಡಿದೆ. ಹಾವು ಹರಿದುಹೋಗಿ ಪೊರೆ ಮಾತ್ರ ಬೇಲಿಯಲ್ಲಿ ಉಳಿದಂತೆ.

ಪೊರೆ ಎಂದಾಗ ನೆನಪಾಗುವ ಮಾತು: ನಮ್ಮಲ್ಲಿ ಹಾವಿನ ಪೊರೆ ಇದೆ, ಕಣ್ಣಿನ ಪೊರೆ ಇದೆ, ‘ಪೊರೆ’ ಎಂದರೆ ಕಾಪಾಡು ಎಂಬ ಕ್ರಿಯಾಪದವೂ ಇದೆ. ಧ್ವನಿಯೂ ಒಂದೇ, ಬರಹವೂ ಒಂದೇ, ಅರ್ಥ ಸಂದರ್ಭದಿಂದ. ಇಂಗ್ಲಿಷಿನ ಆ ಪದದಲ್ಲಿ ಬರಹ ಒಂದೇ, ಆದರೆ ಅರ್ಥ ಗೊತ್ತಾದ ಮೇಲೆಯೇ ಧ್ವನಿ. ನಿಘಂಟು ನೋಡಿ ಬರಬಾರದಿತ್ತೆ, ಈಗ ಕೈಯಲ್ಲಿರುವ ಫೋನೇ ಉಚ್ಚಾರ ಹೇಳಿಕೊಡುತ್ತದಲ್ಲ ಎಂದು ಆ ಸಂಜೆ ತಿದ್ದಿದವರು ಆಮೇಲೆ ನಮ್ಮಲ್ಲಿ ವಾದಿಸಿದರು. ವಾದ ನ್ಯಾಯವಾದದ್ದೇ. ಆದರೆ ನಾವು ನಿಘಂಟಿನಲ್ಲಿ ನೋಡುವುದು ನಮಗೆ ಅನುಮಾನವಿರುವ ಪದವನ್ನು. ನಲವತ್ತು ವರ್ಷದಿಂದ ಕಣ್ಣಿನಲ್ಲಿ ಓದಿ, ಅರ್ಥ ತಿಳಿದು, ಮನಸ್ಸಿನೊಳಗೆ ತನ್ನದೇ ಧ್ವನಿಯಲ್ಲಿ ಕೇಳುತ್ತ ಬಂದ ಪದದ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಆ ತಪ್ಪು ಸೋಮಾರಿಯದಲ್ಲ. ಹೇಳಿಕೊಡುವವರಿಲ್ಲದೆ ಒಬ್ಬನೇ ಕೂತು ಓದಿದವನ ತಪ್ಪು ಅದು. ‘ರಫ್’, ‘ಟಫ್’ ಗೊತ್ತಿದ್ದವರು ‘ಸ್ಲಫ್’ ಎಂದು ಊಹಿಸಿದರೆ ಆ ಊಹೆಯಲ್ಲಿ ಬುದ್ಧಿಯಿದೆ. ಬಾಲ್ಯದಿಂದ ಇಂಗ್ಲಿಷ್ ಕೇಳಿ ಬೆಳೆದವರಿಗೆ ಆ ಪದದ ಉಚ್ಚಾರ ಪುಕ್ಕಟೆಯಾಗಿ ಸಿಕ್ಕಿತು. ಇವರು ಅದರ ಅರ್ಥವನ್ನು ದುಡಿದು ಪಡೆದರು.

ಇಂಗ್ಲೆಂಡಿನಲ್ಲಿಯೂ ಉಚ್ಚಾರವೆಂಬುದು ಕೇವಲ ಉಚ್ಚಾರವಾಗಿ ಉಳಿದದ್ದು ಕಡಿಮೆ. 1791ರಲ್ಲಿ ಜಾನ್ ವಾಕರ್ ಎಂಬವನು ಪ್ರಕಟಿಸಿದ ಉಚ್ಚಾರಕೋಶದಲ್ಲಿ ಸ್ಕಾಟ್ಲೆಂಡಿನವರು, ಐರ್ಲೆಂಡಿನವರು, ಲಂಡನ್ನಿನವರು ತಮ್ಮ ತಮ್ಮ ನುಡಿಯ ವಿಶೇಷಗಳನ್ನು ಬಿಡುವುದು ಹೇಗೆ ಎಂಬುದಕ್ಕೆ ಪ್ರತ್ಯೇಕ ನಿಯಮಗಳೇ ಇದ್ದವು. ಅವನಿಗಿಂತ ಮೊದಲು, 1780ರಲ್ಲಿ, ಇಂತಹದೇ ಕೋಶ ಹೊರತಂದ ತಾಮಸ್ ಶೆರಿಡನ್ ಸ್ವತಃ ಐರ್ಲೆಂಡಿನವನು. ಹೊರಗಿನವನೇ ಒಳಗಿನವರ ಉಚ್ಚಾರ ಕಲಿಸಲು ಹೊರಟದ್ದರಲ್ಲಿ ಒಂದು ಕಥೆಯಿದೆ. ಬಾಯಿ ತೆರೆದೊಡನೆ ಮನುಷ್ಯನ ಕುಲ, ಸ್ಥಾನ, ಶಾಲೆಗಳನ್ನು ಅಳೆದುಬಿಡುವ ಸಮಾಜ ಅದು. ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಯೊಬ್ಬಳ ಉಚ್ಚಾರವನ್ನು ತಿದ್ದಿಸಿ ಅವಳನ್ನು ದೊಡ್ಡವರ ನಡುವೆ ನಿಲ್ಲಿಸಿ ತೋರಿಸಿದ್ದು ಇದನ್ನೇ. ಆ ಅಳತೆಗೋಲು ಹಡಗು ಹತ್ತಿ ಇಲ್ಲಿಗೂ ಬಂದಿತು. ನಾವು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ಇಷ್ಟು ಆದ ಮೇಲೆ ಎರಡನೆಯ ಘಟನೆಯನ್ನು ಹೇಳಬೇಕು. ಅದು ಹೇಳಲು ಹೆಚ್ಚು ಕಷ್ಟ, ಏಕೆಂದರೆ ಅಲ್ಲಿ ನಕ್ಕವರು ನಾವೆಲ್ಲರೂ.

ಎರಡು ತಿಂಗಳ ನಂತರದ ಕೂಟದಲ್ಲಿ ಮಕ್ಕಳಿಗಾಗಿ ಅರ್ಧ ಗಂಟೆ ಮೀಸಲಿಟ್ಟಿದ್ದೆವು. ನಮ್ಮ ಮಕ್ಕಳು, ಮೊಮ್ಮಕ್ಕಳು ಈ ನಗರದಲ್ಲಿಯೇ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಹಿಂದಿ ಮರಾಠಿ, ಮನೆಯಲ್ಲಿ ಅಡುಗೆಮನೆಯ ಮಟ್ಟಿಗೆ ಕನ್ನಡ ಅಥವಾ ತುಳು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಕನ್ನಡ ಅಕ್ಷರ ಕಲಿತು, ಅಜ್ಜಿಯ ಊರಿನ ಕೆರೆಯ ಬಗ್ಗೆ ಎರಡು ಪುಟ ಬರೆದು ತಂದಿದ್ದಳು. ಎದ್ದು ನಿಂತು ಓದತೊಡಗಿದಳು: “ನಮ್ಮ ಅಜ್ಜಿಯ ಊರಿನಲ್ಲಿ ಒಂದು ದೊಡ್ಡ ಕೇರೆ ಇತ್ತು. ಅಜ್ಜಿ ದಿನವೂ ಆ ಕೇರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.”

ಸಭೆ ಗೊಳ್ಳೆಂದು ನಕ್ಕಿತು. ಕೇರೆಹಾವಿನಲ್ಲಿ ಬಟ್ಟೆ ಒಗೆಯುವ ಅಜ್ಜಿ! ಯಾರೋ ಹಾವಿನ ಮಾತೆತ್ತಿ ಇನ್ನೊಂದು ಚಟಾಕಿ ಸೇರಿಸಿದರು. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಮುಖ ಕೆಂಪಾಯಿತು. ಹಾಳೆ ಮಡಿಚಿ, ಇಂಗ್ಲಿಷಿನಲ್ಲಿ ಕ್ಷಮಿಸಿ ಎಂದು ಹೇಳಿ, ಕೂತುಬಿಟ್ಟಳು. ಮುಂದಿನ ಕೂಟಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ನಮ್ಮ ನಗುವಿನಲ್ಲಿ ಕೆಡುಕಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಪ್ರೀತಿಯಿಂದಲೇ ನಕ್ಕೆವು ಎನ್ನಬಹುದು. ಆದರೆ ಹಿರಿಯರ ‘ಸ್ಲಫ್’ ಕೇಳಿ ನಕ್ಕವರೂ ಹಾಗೆಯೇ ಹೇಳುತ್ತಾರೆ. ನಗುವಿಗೆ ಗುರಿಯಾದವರಿಗೆ ಅದರೊಳಗಿನ ಪ್ರೀತಿ ಕಾಣಿಸುವುದಿಲ್ಲ.

ಅವಳ ತಪ್ಪಿಗೂ ಕಾರಣವಿತ್ತು, ಮತ್ತು ಆ ಕಾರಣವನ್ನು ಬಲ್ಲವರು ಆ ಸಭೆಯಲ್ಲಿ ಹಲವರಿದ್ದರು. ಸಂಸ್ಕೃತ, ಹಿಂದಿ, ಮರಾಠಿಗಳಲ್ಲಿ ಎಕಾರ ಏಕಾರಗಳ ನಡುವೆ, ಒಕಾರ ಓಕಾರಗಳ ನಡುವೆ ಅರ್ಥ ಬೇರ್ಪಡಿಸುವ ಹ್ರಸ್ವ ದೀರ್ಘ ಭೇದವಿಲ್ಲ. ನಮ್ಮಲ್ಲಿ ಅದಿದೆ. ಕೆರೆ ಬೇರೆ, ಕೇರೆ ಬೇರೆ. ಬೆಳೆ ಬೇರೆ, ಬೇಳೆ ಬೇರೆ. ಕೊಡು ಬೇರೆ, ಕೋಡು ಬೇರೆ. ದಿನವಿಡೀ ಹಿಂದಿ ಮರಾಠಿ ಕೇಳುವ ಮಗುವಿನ ಕಿವಿಗೆ ಈ ಭೇದ ತಾನಾಗಿ ಬರುವುದಿಲ್ಲ. ನಮ್ಮ ಪೂರ್ವಿಕರ ಬರವಣಿಗೆಗೂ ಅದು ತಾನಾಗಿ ಬಂದಿರಲಿಲ್ಲ. ಹಳೆಯ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಈ ಹ್ರಸ್ವ ದೀರ್ಘಗಳನ್ನು ಬಹುಮಟ್ಟಿಗೆ ಬೇರೆ ಬೇರೆಯಾಗಿ ಬರೆಯುತ್ತಿರಲಿಲ್ಲ. ಓದುವವನು ಭಾಷೆ ಬಲ್ಲವನಾದ್ದರಿಂದ ಸಂದರ್ಭ ನೋಡಿ ಸರಿಯಾಗಿ ಓದಿಕೊಳ್ಳುತ್ತಿದ್ದನು. ಆ ಹುಡುಗಿಗೆ ಆ ಕಿವಿಯ ಸಂಸ್ಕಾರ ಕೊಡಬೇಕಾದವರು ನಾವು. ಕೊಡಲಿಲ್ಲ, ಇಲ್ಲದ್ದಕ್ಕೆ ನಕ್ಕೆವು.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ ಎಂದು ಬಲ್ಲೆವು. ಹಾಗಾದರೆ ಉಚ್ಚಾರ ಹೇಗಿದ್ದರೂ ನಡೆಯುತ್ತದೆಯೆ? ತಿದ್ದುವುದೇ ತಪ್ಪೆ? ಖಂಡಿತ ಅಲ್ಲ. ಉಚ್ಚಾರ ಮುಖ್ಯವೆಂದೇ ನಾವು ಇಷ್ಟು ಬರೆದದ್ದು. ‘ಸ್ಲೌ’ ಎಂಬುದು ಒಂದು ಪದ, ‘ಸ್ಲಫ್’ ಎಂಬುದು ಇನ್ನೊಂದು. ಒಂದರ ಬದಲು ಇನ್ನೊಂದನ್ನು ಹೇಳಿದರೆ ಯಾತ್ರಿಕನು ಬಿದ್ದದ್ದು ಕೆಸರಿನಲ್ಲಲ್ಲ, ಹಾವಿನ ಪೊರೆಯಲ್ಲಿ ಎಂದಾಗುತ್ತದೆ. ಕೆರೆ ಕೇರೆಯಾದರೆ ನೀರು ಹಾವಾಗುತ್ತದೆ. ಇಂತಹ ಭೇದಗಳನ್ನು ಕಾಯ್ದುಕೊಳ್ಳದೆ ಹೋದರೆ ಭಾಷೆ ಬಡವಾಗುತ್ತದೆ. ಪರನಾಡಿನಲ್ಲಿ ಕನ್ನಡ ಉಳಿಸುವ ಮಾತಾಡುವವರು ಇದನ್ನು ಉಪೇಕ್ಷಿಸಲಾರರು. ನಮ್ಮ ಮಾತು ಇಷ್ಟೇ: ತಿದ್ದುವುದರ ಉದ್ದೇಶ ಮುಂದಿನ ಸಲ ಸರಿಯಾಗಿ ಹೇಳಿಸುವುದು. ಮುಂದಿನ ಸಲವೇ ಇಲ್ಲದಂತೆ ಮಾಡುವ ತಿದ್ದುಪಡಿ ಭಾಷೆಗೆ ಯಾವ ಸೇವೆಯನ್ನೂ ಮಾಡುವುದಿಲ್ಲ. ಅದು ಸೇವೆ ಮಾಡುವುದು ತಿದ್ದಿದವನ ಹೆಮ್ಮೆಗೆ.

ಹಿರಿಯರು ಅಂದು ಓದಿ ಮುಗಿಸಲಾಗದ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. ಆಮೇಲೆ ಅವರ ಕೈಬರಹವನ್ನು ಕೇಳಿ ತಂದು ಓದಿದೆವು. ಬನಿಯನ್ ದೊಡ್ಡ ಶಾಲೆ ಕಂಡವನಲ್ಲ. ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬಿನವನು. ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದನೆಂದು ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದನು. ಅವನ ಕಥೆಯಲ್ಲಿ ಆ ಹುದುಲಿಗೆ ಬೀಳುವವರು ಇಬ್ಬರು. ಒಬ್ಬನು ಬೆನ್ನ ಮೇಲೆ ಹೊರೆ ಹೊತ್ತ ಕ್ರಿಶ್ಚಿಯನ್; ಇನ್ನೊಬ್ಬನು ಅವನ ಜೊತೆಗೆ ಹೊರಟ ಪ್ಲಯಬಲ್, ಎಂದರೆ ಸುಲಭವಾಗಿ ಬಾಗುವವನು. ಈ ಎರಡನೆಯವನು ಕೆಸರು ಮೆತ್ತಿದೊಡನೆ ಸಿಟ್ಟಾಗಿ, ತನ್ನ ಮನೆಯ ಕಡೆಯ ದಡವನ್ನು ಹೇಗೋ ಹತ್ತಿ, ಊರಿಗೆ ಮರಳುತ್ತಾನೆ. ಊರಿನಲ್ಲಿಯೂ ಕೆಲವರು ಅವನನ್ನು ಹಾಸ್ಯ ಮಾಡುತ್ತಾರೆ. ಕ್ರಿಶ್ಚಿಯನ್ ಹೊರಳಾಡುತ್ತ ಆಚೆಯ ದಡದತ್ತ ಸಾಗುತ್ತಾನೆ, ಆದರೆ ಹೊರೆಯ ಭಾರದಿಂದ ಮೇಲೇರಲಾರ. ಆಗ ಹೆಲ್ಪ್ ಎಂಬವನು ಬರುತ್ತಾನೆ. ಇಲ್ಲಿ ಏನು ಮಾಡುತ್ತಿರುವೆ ಎಂದು ಕೇಳುತ್ತಾನೆ, ಮೆಟ್ಟುಗಲ್ಲುಗಳನ್ನು ಏಕೆ ನೋಡಲಿಲ್ಲ ಎಂದು ವಿಚಾರಿಸುತ್ತಾನೆ. ಭಯ ಬೆನ್ನಟ್ಟಿದ್ದರಿಂದ ಕಾಣಲಿಲ್ಲ ಎಂದು ಇವನ ಉತ್ತರ. ಹೆಲ್ಪ್ ಕೈ ಕೊಟ್ಟು ಎಳೆದು, ಗಟ್ಟಿನೆಲದ ಮೇಲೆ ನಿಲ್ಲಿಸಿ, ದಾರಿ ತೋರಿಸುತ್ತಾನೆ.

ಆ ಹುದುಲಿನ ನಡುವೆ ಮೆಟ್ಟುಗಲ್ಲುಗಳಿದ್ದವು. ಆದರೆ ಎಲ್ಲರಿಗೂ ಕಾಣುತ್ತಿರಲಿಲ್ಲ. ಅದನ್ನು ಮುಚ್ಚಲು ರಾಜನ ಕೆಲಸಗಾರರು ಸಾವಿರದ ಆರುನೂರು ವರ್ಷಗಳಿಂದ ದುಡಿದಿದ್ದರು, ಇಪ್ಪತ್ತು ಸಾವಿರ ಗಾಡಿ ಸಾಮಗ್ರಿ ಸುರಿದಿದ್ದರು, ಹುದುಲು ಹುದುಲಾಗಿಯೇ ಉಳಿಯಿತು ಎನ್ನುತ್ತಾನೆ ಬನಿಯನ್. ಅವನು ಹೇಳುತ್ತಿದ್ದುದು ಪಾಪಭೀತಿಯ ಮಾತು; ನಾವು ಅದನ್ನು ನಮ್ಮ ಸಣ್ಣ ವಿಷಯಕ್ಕೆ ಎಳೆದು ತರುತ್ತಿದ್ದೇವೆ ಎಂಬ ಅರಿವು ನಮಗಿದೆ. ಆದರೂ ಹೊಸ ಭಾಷೆಯೊಂದರ ಬಾಗಿಲಲ್ಲಿ ಇಂತಹ ಒಂದು ಹುದುಲು ಎಲ್ಲರಿಗೂ ಎದುರಾಗುತ್ತದೆ. ಅದನ್ನು ಮುಚ್ಚಲಾಗುವುದಿಲ್ಲ. ಇಂಗ್ಲಿಷಿನ ಕಾಗುಣಿತ ನಾಳೆ ಸರಿಹೋಗುವುದಿಲ್ಲ; ಕನ್ನಡದ ಎಕಾರ ಏಕಾರಗಳು ಮುಂಬಯಿಯ ಮಕ್ಕಳಿಗಾಗಿ ಒಂದಾಗುವುದಿಲ್ಲ. ಮಾಡಬಹುದಾದದ್ದು, ಮೊದಲು ದಾಟಿದವರು ದಡದಲ್ಲಿ ನಿಂತು ಕೈ ಚಾಚುವುದು.

ಇದನ್ನು ನಮ್ಮ ಬಳಗದಲ್ಲಿ ಒಂದು ರೂಢಿಯಾಗಿ ಮಾಡಿಕೊಂಡಿದ್ದೇವೆ. ಓದುತ್ತಿರುವವರನ್ನು ಉಚ್ಚಾರಕ್ಕಾಗಿ ನಡುವೆ ತಡೆಯುವುದಿಲ್ಲ. ತಿದ್ದಬೇಕೆನಿಸಿದವರು ಆಮೇಲೆ, ಚಹಾದ ಹೊತ್ತಿನಲ್ಲಿ, ಅವರೊಬ್ಬರಿಗೇ ಹೇಳುತ್ತಾರೆ. ಹೇಳುವಾಗ ತಪ್ಪು ಎಂದಷ್ಟೇ ಹೇಳದೆ, ಏಕೆ ಎಂಬುದನ್ನೂ ಹೇಳುತ್ತಾರೆ. ಕಾರಣ ಗೊತ್ತಿಲ್ಲದವರು ಮೊದಲು ನಿಘಂಟು ನೋಡಿ ಬರಬೇಕು. ಈ ಕೊನೆಯ ನಿಯಮದಿಂದ ತಿದ್ದುವವರ ಸಂಖ್ಯೆ ಬಹಳ ಕಡಿಮೆಯಾಗಿದೆ. ಧಾರವಾಡದ ಕಡೆಯವರ, ಮೈಸೂರಿನ ಕಡೆಯವರ, ಕರಾವಳಿಯವರ ಕನ್ನಡದ ಬಗ್ಗೆ ನಮ್ಮ ನಮ್ಮಲ್ಲಿ ನಡೆಯುತ್ತಿದ್ದ ಚಟಾಕಿಗಳಿಗೂ ಇದರಿಂದ ಸ್ವಲ್ಪ ಬಿಡುವು ಸಿಕ್ಕಿದೆ.

ಹಿರಿಯರು ಕೂಟಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ‘ಸ್ಲೌ’ ಎಂಬುದನ್ನು ಅವರು ತಮ್ಮ ಕೈಬರಹದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾರೆ. ಅದರ ಕೆಳಗೆ ‘ಸ್ಲಫ್’, ‘ಸ್ಲೂ’ ಎಂಬವನ್ನೂ, ಪ್ರತಿಯೊಂದರ ಮುಂದೆ ಅರ್ಥವನ್ನೂ ಬರೆದಿದ್ದಾರೆ. ಹುಡುಗಿಯ ಸುದ್ದಿ ಕೇಳಿ, ಅವಳಿಗೊಂದು ಕಾಗದ ಬರೆದು ಅವಳ ತಂದೆಯ ಕೈಗೆ ಕೊಟ್ಟರು. ಅದರಲ್ಲಿ ಕೆರೆ ಕೇರೆಗಳ ಭೇದದ ಜೊತೆಗೆ ತಮ್ಮ ಕೆಸರಿನ ಕಥೆಯನ್ನೂ ಬರೆದಿದ್ದರಂತೆ. ಮುಂದಿನ ತಿಂಗಳು ಬರುವೆನೆಂದು ಅವಳು ಹೇಳಿಕಳಿಸಿದ್ದಾಳೆ.

ಬಂದರೆ, ಅವಳು ಆ ಎರಡು ಪುಟಗಳನ್ನು ಮೊದಲಿನಿಂದ ಓದಬೇಕೆಂದು ಕೇಳಿಕೊಳ್ಳುತ್ತೇವೆ. ಅಂದು ಎರಡನೆಯ ವಾಕ್ಯಕ್ಕೇ ನಿಂತುಹೋಯಿತು. ಆ ಕೆರೆ ಒಂದು ಕಾಲದಲ್ಲಿ ‘ಇತ್ತು’ ಎಂದು ಅವಳು ಓದಿದ್ದಳು. ಅದಕ್ಕೆ ಆಮೇಲೆ ಏನಾಯಿತೆಂಬುದು ನಮಗಿನ್ನೂ ತಿಳಿದಿಲ್ಲ.